ಯಾರ ಬಾಯಿ, ಯಾರ ದನಿ

ಬೇರೆ ಹೆಂಗಸರ ಬಾಯಿಗೆ ನನ್ನ ದನಿ ಕೊಟ್ಟು ಇಷ್ಟು ವರ್ಷ ಬದುಕಿದ್ದೇನೆ. ಡಬ್ಬಿಂಗ್ ನನ್ನ ಕಸುಬು. ಮುಂಬೈಯಿಂದಲೋ ಕೊಚ್ಚಿಯಿಂದಲೋ ಬಂದ ನಾಯಕಿ ತೆರೆಯ ಮೇಲೆ ಅಚ್ಚ ಕನ್ನಡದಲ್ಲಿ ಜಗಳವಾಡಿದರೆ, ಅತ್ತರೆ, ಅಮ್ಮನನ್ನು ಕೂಗಿ ಕರೆದರೆ ಆ ದನಿ ನನ್ನಂಥ ಯಾರದೋ ಆಗಿರುತ್ತದೆ. ಈ ಕೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು, ಈಗಲೂ ಇದೆ. ಆದರೆ ಆ ಹೆಮ್ಮೆಯೊಳಗೆ ಇನ್ನೂ ಏನೇನು ಸೇರಿಕೊಂಡಿದೆ ಎಂದು ಬಿಡಿಸಿ ನೋಡುವ ಹಾಗೆ ಮಾಡಿದ್ದು ಒಬ್ಬ ಫ್ರೆಂಚ್ ನಟಿ. ಲಿನ್ ಡಾನ್ ಫಾಮ್ ಎಂದು ಹೆಸರು. ನಮ್ಮಲ್ಲಿ ಆಕೆಯನ್ನು ಬಲ್ಲವರು ಕಡಿಮೆ.

ಎಪ್ಪತ್ತರ ದಶಕದಲ್ಲಿ ಸೈಗಾನ್‌ನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಮನೆಯವರ ಜೊತೆ ಪ್ಯಾರಿಸ್ ಸೇರಿದಾಕೆ. ಓದಿದ್ದು, ಆಡಿದ್ದು, ಬೆಳೆದದ್ದು ಎಲ್ಲ ಫ್ರೆಂಚಿನಲ್ಲಿ. ಹದಿಹರೆಯದಲ್ಲೇ ಮೊದಲ ಚಿತ್ರ ಸಿಕ್ಕಿತು: ರೆಜಿಸ್ ವಾರ್ನಿಯೆ ನಿರ್ದೇಶಿಸಿದ, 1992ರ 'ಆಂಡೊಶೀನ್'. ಎದುರಿಗೆ ಇದ್ದವರು ಕ್ಯಾಥರೀನ್ ದೆನೂವ್. ಫ್ರೆಂಚರ ಆಳ್ವಿಕೆಯ ವಿಯೆಟ್ನಾಮಿನಲ್ಲಿ ರಬ್ಬರ್ ತೋಟ ನಡೆಸುವ ಫ್ರೆಂಚ್ ಒಡತಿ ದೆನೂವ್. ಆಕೆ ಸಾಕಿಕೊಂಡ ಅಲ್ಲಿನ ರಾಜಮನೆತನದ ಅನಾಥ ಹುಡುಗಿ ಕಮೀಲ್ ನಮ್ಮ ಫಾಮ್. ಮೊದಮೊದಲು ಸಾಕುತಾಯಿಯ ಕೈಹಿಡಿದು ನಾಚುತ್ತ ನಿಲ್ಲುವ ಹುಡುಗಿ, ಕಥೆ ಮುಗಿಯುವ ಹೊತ್ತಿಗೆ ಪೂಲೊ ಕೊಂಡೋರ್ ದ್ವೀಪದ ಜೈಲಿನಿಂದ ಹೊರಬಂದು, ಹೆತ್ತ ಮಗನನ್ನೂ ಸಾಕುತಾಯಿಯ ಮಡಿಲಿಗೆ ಬಿಟ್ಟು, ಹೋರಾಟದ ದಾರಿ ಹಿಡಿದು ಹೋಗುವ ಹೆಣ್ಣಾಗಿರುತ್ತಾಳೆ. 1993ರಲ್ಲಿ ಆ ಚಿತ್ರಕ್ಕೆ ಅತ್ಯುತ್ತಮ ವಿದೇಶಿ ಭಾಷಾ ಚಿತ್ರವೆಂದು ಆಸ್ಕರ್ ಬಂತು. ಅದೇ ವರ್ಷ ಫ್ರಾನ್ಸಿನ ಸೆಸಾರ್ ಪ್ರಶಸ್ತಿಯಲ್ಲಿ ಭರವಸೆಯ ನಟಿಯರ ಪಟ್ಟಿಯಲ್ಲಿ ಫಾಮ್ ಹೆಸರೂ ಇತ್ತು.

ಇಂಥ ಆರಂಭ ನಮ್ಮಲ್ಲಿ ಯಾರಿಗಾದರೂ ಸಿಕ್ಕಿದ್ದರೆ ಮರುದಿನವೇ ಮನೆ ಬಾಗಿಲಲ್ಲಿ ನಿರ್ಮಾಪಕರು ಅಡ್ವಾನ್ಸ್ ಹಿಡಿದು ನಿಂತಿರುತ್ತಿದ್ದರು. ಫಾಮ್ ಮಾತ್ರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ತೆರೆಯಿಂದ ದೂರವೇ ಉಳಿದರು. ಬಿಸಿನೆಸ್ ಓದಿದರು, ನೌಕರಿ ಹಿಡಿದರು. ಪ್ಯಾರಿಸ್ಸಿನಲ್ಲೇ ಬೆಳೆದ, ಪ್ಯಾರಿಸ್ಸಿನವರ ಹಾಗೆಯೇ ಮಾತಾಡುವ, ಆದರೆ ಮುಖ ಮಾತ್ರ ವಿಯೆಟ್ನಾಮಿನದಾದ ಹುಡುಗಿಗೆ ಆಗಿನ ಫ್ರೆಂಚ್ ಸಿನಿಮಾದಲ್ಲಿ ವಕೀಲೆಯ, ಟೀಚರಮ್ಮನ, ಪಕ್ಕದ ಮನೆಯವಳ ಪಾತ್ರ ಬರೆಯುವವರು ಎಷ್ಟು ಜನ ಇದ್ದರು? ರಾಜಕುಮಾರಿಯ ಪಾತ್ರ ಒಂದು ಸಲ ಸಿಕ್ಕಬಹುದು. ಆಮೇಲೆ?

ಆಮೇಲೆ 2005. ಜಾಕ್ ಓಡಿಯಾರ್ ನಿರ್ದೇಶನದ ಚಿತ್ರ. ಇಂಗ್ಲಿಷಿನಲ್ಲಿ ಅದಕ್ಕೆ 'ದಿ ಬೀಟ್ ದಟ್ ಮೈ ಹಾರ್ಟ್ ಸ್ಕಿಪ್ಡ್' ಎಂದು ಹೆಸರು. ಇದನ್ನು ನಾನು ನೋಡಿದ್ದು ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ಕಸುಬಿನ ಚಟ ಅದು, ಯಾವ ಚಿತ್ರವಾದರೂ ನಾನು ಮೊದಲು ಕಿವಿಯಿಂದ ನೋಡುತ್ತೇನೆ. ಟಾಮ್ ಎಂಬ ಯುವಕ ಮನೆ-ಜಾಗಗಳ ದಂಧೆಯವನು. ಬಾಡಿಗೆದಾರರನ್ನು ಹೆದರಿಸಿ ಎಬ್ಬಿಸುವುದು, ಹೊಡೆದಾಟ, ಇಂಥ ಕೊಳಕು ಕೆಲಸ. ಅವನಿಗೆ ತೀರಿಕೊಂಡ ತಾಯಿಯ ಪಿಯಾನೊ ಮತ್ತೆ ನೆನಪಾಗಿ, ಬಾಖ್‌ನ ಒಂದು ಟೊಕಾಟಾ ಕಲಿಯುವ ಹಟ ಹಿಡಿಯುತ್ತದೆ. ಪಾಠ ಹೇಳುವವಳು ಮಿಯಾವೊ ಲಿನ್, ಚೀನಾದಿಂದ ಆಗಷ್ಟೇ ಬಂದವಳು. ಅವಳಿಗೆ ಫ್ರೆಂಚ್ ಬಾರದು. ಅವನಿಗೆ ಅವಳ ಭಾಷೆ ಬಾರದು. ಅವಳು ಪಕ್ಕದಲ್ಲಿ ಕೂತು ಅವನನ್ನು ತಡೆಯುತ್ತಾಳೆ, ತನ್ನ ಮಾತಿನಲ್ಲೇ ತಿದ್ದುತ್ತಾಳೆ, ಮತ್ತೆ ಮೊದಲಿನಿಂದ ಬಾರಿಸಲು ಹೇಳುತ್ತಾಳೆ. ಅವನು ಸಿಟ್ಟಾಗುತ್ತಾನೆ, ಫ್ರೆಂಚಿನಲ್ಲಿ ಕೂಗಾಡುತ್ತಾನೆ. ಅವಳ ದನಿ ಏರುವುದಿಲ್ಲ. ಇಡೀ ಚಿತ್ರದಲ್ಲಿ ಆ ಗೂಂಡಾ ತಲೆ ತಗ್ಗಿಸಿ ಕೂರುವುದು ಆ ಕೋಣೆಯಲ್ಲಿ ಮಾತ್ರ.

2006ರ ಸೆಸಾರ್ ಸಮಾರಂಭದಲ್ಲಿ ಆ ಚಿತ್ರಕ್ಕೆ ಎಂಟು ಪ್ರಶಸ್ತಿ ಬಂದವು. ಅವುಗಳಲ್ಲೊಂದು ಫಾಮ್‌ಗೆ, ಅದೇ ಭರವಸೆಯ ನಟಿ ವಿಭಾಗದಲ್ಲಿ, ಮೊದಲ ಸಲ ಆ ಪಟ್ಟಿಯಲ್ಲಿ ಹೆಸರು ಬಂದು ಹದಿಮೂರು ವರ್ಷವಾದ ಮೇಲೆ. ನನ್ನ ಕಿವಿಗೆ ಕುಟುಕಿದ ಸಂಗತಿ ಇದು: ಫ್ರೆಂಚನ್ನೇ ಆಡಿಕೊಂಡು ಬೆಳೆದ ಒಬ್ಬ ನಟಿಗೆ ಫ್ರೆಂಚ್ ಸಿನಿಮಾದ ದೊಡ್ಡ ಮರ್ಯಾದೆ ಸಿಕ್ಕಿದ್ದು ಫ್ರೆಂಚೇ ಬಾರದವಳಾಗಿ ನಟಿಸಿದ್ದಕ್ಕೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಇಂಥದ್ದೇ ಒಂದು ಕೆಲಸ ಮಾಡಿದ್ದೆ. ಅದಕ್ಕೆ ಬರುವ ಮುಂಚೆ ನನ್ನ ದನಿ ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು.

ನಾನು ರಾಜಾಜಿನಗರದವಳು. ಅಪ್ಪ ಕೈಗಾರಿಕಾ ಎಸ್ಟೇಟಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ದೇವರ ಫೋಟೊ ಪಕ್ಕದಲ್ಲೇ ಡಾ. ರಾಜ್‌ಕುಮಾರ್ ಫೋಟೊ. ನವರಂಗ್ ಚಿತ್ರಮಂದಿರದಲ್ಲಿ ಸಿನಿಮಾ ನೋಡಿ ನಡೆದುಕೊಂಡು ಮನೆಗೆ ಬರುವಾಗ ಅಪ್ಪ ಕಥೆಯ ಬಗ್ಗೆ ಮಾತಾಡುತ್ತಿರಲಿಲ್ಲ, ಅಣ್ಣಾವ್ರ ಉಚ್ಚಾರದ ಬಗ್ಗೆ ಮಾತಾಡುತ್ತಿದ್ದರು. "ಹಕಾರ ನೋಡು ಹೆಂಗೆ ಹೊಟ್ಟೆಯಿಂದ ಬರ್ತದೆ" ಅನ್ನುತ್ತಿದ್ದರು. 1982ರ ಗೋಕಾಕ್ ಚಳವಳಿಯಲ್ಲಿ ಅಪ್ಪ ಕೆಲಸಕ್ಕೆ ರಜೆ ಹಾಕಿ ಮೆರವಣಿಗೆಗೆ ಹೋಗಿದ್ದರು. ಕಾರ್ಖಾನೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ತನ್ನ ಭಾಷೆಗೆ ಬೆಲೆಯಿಲ್ಲ ಎಂದು ದಿನಾ ಅನುಭವಿಸಿದ ಮನುಷ್ಯನಿಗೆ ಒಬ್ಬ ನಟನ ಬಾಯಲ್ಲಿ ಅದು ರಾಜಠೀವಿಯಿಂದ ಕೇಳಿಸಿದರೆ ಎದೆ ತುಂಬುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇವತ್ತಿಗೂ ಅದನ್ನು ಹಗುರಾಗಿ ಕಾಣಲಾರೆ.

ಇದೇ ರಾಜಾಜಿನಗರಕ್ಕೆ ಹೆಸರು ಕೊಟ್ಟವರು ತಮಿಳರಾದ ಸಿ. ರಾಜಗೋಪಾಲಾಚಾರಿ. ಪಕ್ಕದ ಶ್ರೀರಾಮಪುರದಲ್ಲಿ ತಮಿಳು ಮನೆಗಳು ಎಷ್ಟೋ. ನನ್ನ ಜೊತೆ ಶಾಲೆಯಲ್ಲಿ ಓದಿದ ಅರ್ಧ ಹುಡುಗಿಯರ ಮನೆಮಾತು ತಮಿಳೋ ತೆಲುಗೋ ಉರ್ದುವೋ ಆಗಿತ್ತು. ಅವರ ಕನ್ನಡ ಕೇಳಿ ನಗುತ್ತಿದ್ದವರಲ್ಲಿ ನಾನು ಮುಂದೆ. ಅಪ್ಪನ ಅಭಿಮಾನ ನನ್ನಲ್ಲಿಗೆ ಬರುವಾಗ ಅದಕ್ಕೆ ಬೇರೆಯವರ ನಾಲಿಗೆಯನ್ನು ಅಳೆಯುವ ಗುಣ ಅಂಟಿಕೊಂಡಿತ್ತು. ಆ ಗುಣವೇ ಮುಂದೆ ನನಗೆ ಅನ್ನ ಕೊಟ್ಟಿತು.

ಡಬ್ಬಿಂಗ್ ಕೋಣೆ ಚಿಕ್ಕದು. ಗಾಜಿನ ಆಚೆ ಇಂಜಿನಿಯರ್, ಈಚೆ ಮೈಕು, ಮುಂದೆ ಮಾನಿಟರ್, ಸ್ಟ್ಯಾಂಡಿನ ಮೇಲೆ ಡೈಲಾಗ್ ಹಾಳೆ. ಮೊದಲು ಪೈಲಟ್ ಕೇಳಿಸುತ್ತಾರೆ, ಅಂದರೆ ಶೂಟಿಂಗಿನಲ್ಲೇ ಹಿಡಿದ ಕಚ್ಚಾ ದನಿ. ಅದರಲ್ಲಿ ಗಾಳಿ, ಜನರೇಟರ್ ಸದ್ದು, ಹಿಂದಿನಿಂದ ಸಾಲು ಹೇಳಿಕೊಡುವ ಸಹಾಯಕ ನಿರ್ದೇಶಕನ ಗಂಟಲು, ಮಧ್ಯದಲ್ಲಿ ನಾಯಕಿಯ ತೊದಲುವ ಕನ್ನಡ. ನಮ್ಮ ಕೆಲಸ ಆ ತುಟಿಗೆ ಮಾತು ಕೂರಿಸುವುದು. ಪ, ಬ, ಮ ಬಂದಲ್ಲಿ ತುಟಿ ಮುಚ್ಚಿರಲೇಬೇಕು. ತೆರೆಯ ಮೇಲೆ ತುಟಿ ತೆರೆದಿದ್ದು ನಾನು 'ಬೇಡ' ಅಂದರೆ ನೋಡುವವರಿಗೆ ಮೋಸ ಗೊತ್ತಾಗುತ್ತದೆ. ಆಗ 'ಬೇಡ' ತೆಗೆದು 'ಸಾಕು' ಹಾಕಬೇಕು. ಮಾತಿಗಿಂತ ಕಷ್ಟ ಉಸಿರು. ಆ ಹುಡುಗಿ ಅಳುವ ಮುಂಚೆ ಮೂಗಿನಲ್ಲಿ ಎಳೆದುಕೊಂಡ ಗಾಳಿಯನ್ನು ನಾನು ನನ್ನ ಮೂಗಿನಲ್ಲಿ ಎಳೆದುಕೊಳ್ಳಬೇಕು. ಇದನ್ನೆಲ್ಲ ಸರಿಯಾಗಿ ಮಾಡಿದ ದಿನ ಮನೆಗೆ ಹೋಗುವಾಗ, ಭಾಷ್ಯಂ ಸರ್ಕಲ್ ದಾಟುವವರೆಗೂ ಒಳಗೆ ಒಂದು ಗೆಲುವು ಇರುತ್ತಿತ್ತು. ಹೊರಗಿನವಳೊಬ್ಬಳನ್ನು ನಮ್ಮವಳನ್ನಾಗಿ ಮಾಡಿದೆ ಅಂತ.

ಪೈಲಟ್‌ನಲ್ಲಿ ಆಕೆಯ ಸ್ವಂತ ದನಿ ಇರುತ್ತಿತ್ತಲ್ಲ, ಅದರಲ್ಲಿ ಏನು ಚೆನ್ನಾಗಿತ್ತು ಎಂದು ನಾನು ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಎಲ್ಲಿ ಎಡವಿದ್ದಾಳೆ ಅನ್ನುವುದನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದೆ. ಅಕ್ಕಿಯಲ್ಲಿ ಕಲ್ಲು ಹುಡುಕುವವಳಿಗೆ ಅಕ್ಕಿ ಕಾಣುವುದಿಲ್ಲ.

ಈಗ ಆ ಕೆಲಸಕ್ಕೆ ಬರುತ್ತೇನೆ. ಒಂದು ಧಾರಾವಾಹಿ. ನಾಯಕಿಯ ಹಾಸ್ಟೆಲ್ ಗೆಳತಿಯ ಸಣ್ಣ ಪಾತ್ರ, ಈಶಾನ್ಯ ರಾಜ್ಯದ ಹುಡುಗಿ. ಪಾತ್ರ ಮಾಡಿದವಳ ಮನೆಯವರು ಆ ಕಡೆಯವರೇ, ಆದರೆ ಅವಳು ಬೆಳೆದದ್ದು ಬೆಂಗಳೂರಿನಲ್ಲಿ. ಪೈಲಟ್ ಹಾಕಿದರು. "ಅಮ್ಮಂಗೆ ಫೋನ್ ಮಾಡ್ದಾ? ಊಟ ಮಾಡ್ಕೊಂಡು ಮಲ್ಕೊ, ಬೆಳಗ್ಗೆ ಮಾತಾಡೋಣ" ಎಂಬ ಸಾಲು. ನಮ್ಮ ಬೀದಿಯ ಯಾವ ಹುಡುಗಿಯಾದರೂ ಹೇಳುವ ಹಾಗೇ ಹೇಳಿದ್ದಳು. ಎಲ್ಲೋ ಒಂದು ಕಡೆ 'ಳ' ಸ್ವಲ್ಪ ಮೆತ್ತಗಿತ್ತು, ಅಷ್ಟೆ. ನಾನು ಹೆಡ್‌ಫೋನ್ ತೆಗೆದು, ಇವಳ ದನಿಯನ್ನೇ ಇಟ್ಟುಕೊಳ್ಳಬಹುದಲ್ಲ ಅಂದೆ. ಗಾಜಿನ ಆಚೆಯಿಂದ ಉತ್ತರ ಬಂತು: "ಇಲ್ಲ ಅಕ್ಕ, ಇಷ್ಟ್ ಚೆನ್ನಾಗ್ ಮಾತಾಡಿದ್ರೆ ಜನ ನಂಬಲ್ಲ. ಆ ಮುಖಕ್ಕೆ ಈ ಕನ್ನಡ ಕೂರಲ್ಲ. ನೀವು ಸ್ವಲ್ಪ ಒಡೆದು ಒಡೆದು ಹೇಳಿ."

ನಾನು ಹೇಳಿದೆ. "ನಿಮ್ದು ಅಮ್ಮ ಫೋನ್ ಮಾಡ್ತು? ಊಟ ಮಾಡಿ ಮಲಗು ನೀನು." ಲಿಂಗ ತಪ್ಪಿಸಿದೆ, ವಿಭಕ್ತಿ ಕಿತ್ತು ಹಾಕಿದೆ, ಮಾತಿನ ಕೊನೆಯನ್ನು ಮೇಲಕ್ಕೆ ಎಳೆದೆ. ತುಟಿಗೆ ಕೂರಿಸುವುದು ಕಷ್ಟವಾಯಿತು, ಯಾಕೆಂದರೆ ಅವಳ ತುಟಿ ಸರಿಯಾದ ಕನ್ನಡ ಆಡುತ್ತಿತ್ತು. ಸರಿಯಾದ ಕನ್ನಡದ ಮೇಲೆ ಮುರುಕು ಕನ್ನಡ ಹೊದೆಸುವ ಕುಶಲತೆಗೆ ಎಲ್ಲರೂ ಭೇಷ್ ಅಂದರು. ನಗು ಬಂತು. ದುಡ್ಡು ಬಂತು. ಪ್ರಸಾರವಾದಾಗ ಆ ಹುಡುಗಿ ಮನೆಯಲ್ಲಿ ಕೂತು ನೋಡಿರಬೇಕು. ತನ್ನ ಮುಖದಿಂದ ಹೊರಟ ಆ ಮಾತನ್ನು ಪಕ್ಕದಲ್ಲಿ ಕೂತ ಅವರಮ್ಮನೂ ಕೇಳಿರಬೇಕು.

ನಮ್ಮ ಕಡೆ ಅಂಥ ಮುಖದ ಹುಡುಗಿಯರು ಎಷ್ಟು ಜನ ಇದ್ದಾರೆಂದು ಡಾ. ರಾಜ್‌ಕುಮಾರ್ ರಸ್ತೆಯ ಬ್ಯೂಟಿ ಪಾರ್ಲರುಗಳಿಗೆ, ಒರಾಯನ್ ಮಾಲ್‌ನ ಅಂಗಡಿಗಳಿಗೆ ಹೋಗುವ ಯಾರಿಗಾದರೂ ಗೊತ್ತು. ಹುಬ್ಬಿಗೆ ದಾರ ಎಳೆಸಿಕೊಳ್ಳುವಾಗ ಅವರ ಮುಖ ನಮ್ಮ ಮುಖಕ್ಕೆ ಗೇಣಿನಷ್ಟು ಹತ್ತಿರ ಇರುತ್ತದೆ. ಹಲ್ಲಿನಲ್ಲಿ ಕಚ್ಚಿ ಹಿಡಿದ ದಾರದ ತುದಿ ಕೂಡ ಕಾಣುತ್ತದೆ. ಅಷ್ಟು ಹತ್ತಿರವಿದ್ದೂ ಊರು ಕೇಳದೆ 'ನೇಪಾಳಿ' ಎಂದು ಕರೆದು ಮುಗಿಸುತ್ತೇವೆ. 2012ರ ಆಗಸ್ಟ್‌ನಲ್ಲಿ ಮೊಬೈಲಿನಲ್ಲಿ ಹರಿದಾಡಿದ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನ ಸಿಟಿ ಸ್ಟೇಷನ್ನಿನಲ್ಲಿ ಗುವಾಹಾಟಿ ರೈಲಿಗೆ ಮುಗಿಬಿದ್ದಾಗ ನಮ್ಮ ಪಾರ್ಲರಿನ ಷಟರ್ ಕೂಡ ಇಳಿದಿತ್ತು. 'ಪಾಪ' ಅಂದುಕೊಂಡೆ. ಅವರು ಹಾಗೆ ಹೆದರುವುದಕ್ಕೆ ನಾವು ಅವರನ್ನು ಕರೆಯುವ, ಆಡಿಸುವ, ನಗುವ ರೀತಿಯೂ ಕಾರಣವಿರಬಹುದೆಂದು ಆಗ ನನ್ನ ತಲೆಗೆ ಬರಲಿಲ್ಲ.

ಓಡಿಯಾರ್ ಮಾಡಿದ್ದಕ್ಕೂ ನಾವು ಮಾಡಿದ್ದಕ್ಕೂ ವ್ಯತ್ಯಾಸ ಇದೆಯೇ ಎಂದು ಬಹಳ ದಿನ ಯೋಚಿಸಿದ್ದೇನೆ. ಅಲ್ಲಿಯೂ ಮುಖ ನೋಡಿಯೇ ಪಾತ್ರ ಕೊಟ್ಟರು. ಅಲ್ಲಿಯೂ ಆಕೆಯ ಫ್ರೆಂಚನ್ನು ಮುಚ್ಚಿಟ್ಟರು. ವಿಯೆಟ್ನಾಮಿನ ಮೂಲದವಳನ್ನು ಚೀನಾದವಳು ಅಂದರು. ಅಷ್ಟರ ಮಟ್ಟಿಗೆ ಎರಡೂ ಒಂದೇ, ಪ್ಯಾರಿಸ್ ಎಂದ ಮಾತ್ರಕ್ಕೆ ನಾನು ಅದನ್ನು ಮಾಫಿ ಮಾಡುವುದಿಲ್ಲ. ಆದರೆ ಆಕೆ ಗೊತ್ತಿದ್ದು ಒಪ್ಪಿಕೊಂಡ ಪಾತ್ರ ಅದು. ಭಾಷೆ ಬಾರದಿರುವುದು ಅಲ್ಲಿ ನಗೆಗೆ ಕಾರಣವಾಗುವುದಿಲ್ಲ. ಆ ಕೋಣೆಯಲ್ಲಿ ಅವಳೇ ಗುರು, ಅರ್ಥವಾಗದೆ ಒದ್ದಾಡುವವನು ಫ್ರೆಂಚಿನವನು. ಎಲ್ಲಕ್ಕಿಂತ ಹೆಚ್ಚಾಗಿ, ಆಡಿದ ಮಾತು, ಎಳೆದುಕೊಂಡ ಉಸಿರು ಆಕೆಯದೇ. ನಾವು ಆ ಹುಡುಗಿಯಿಂದ ದನಿಯನ್ನೇ ಕಿತ್ತುಕೊಂಡೆವು, ಕೇಳದೆ. ಕಿತ್ತುಕೊಂಡ ಕೈ ನನ್ನದು.

ಇನ್ನೊಬ್ಬರು ಇಲ್ಲಿ ನೆನಪಾಗುತ್ತಾರೆ, ನಮ್ಮವರೇ. ಬೆಂಗಳೂರಿನಲ್ಲಿ ಹುಟ್ಟಿದ ಬಿ. ಸರೋಜಾದೇವಿ. 1955ರ 'ಮಹಾಕವಿ ಕಾಳಿದಾಸ'ದಿಂದ ಕನ್ನಡದಲ್ಲಿ ಶುರುಮಾಡಿ, 1958ರಲ್ಲಿ ಎಂ.ಜಿ.ಆರ್. ಅವರ 'ನಾಡೋಡಿ ಮನ್ನನ್' ಮೂಲಕ ತಮಿಳುನಾಡಿನ ಮನೆಮಾತಾದರು. ಹಿಂದಿಯಲ್ಲಿ ದಿಲೀಪ್ ಕುಮಾರ್ ಇದ್ದ 'ಪೈಗಾಮ್'ನಲ್ಲೂ ನಟಿಸಿದರು. ಇಲ್ಲಿ 'ಕಿತ್ತೂರು ಚೆನ್ನಮ್ಮ' ಆದರು, 'ಬಭ್ರುವಾಹನ'ದಲ್ಲಿ ಚಿತ್ರಾಂಗದೆ ಆದರು. 2025ರ ಜುಲೈ 14ರಂದು, ನಮ್ಮ ಮಗ್ಗುಲಿನ ಮಲ್ಲೇಶ್ವರದ ಮನೆಯಲ್ಲಿ ಅವರು ತೀರಿಕೊಂಡಾಗ ತಮಿಳು ಪತ್ರಿಕೆಗಳೂ ಅವರನ್ನು 'ಕನ್ನಡತ್ತು ಪೈಂಗಿಳಿ' ಎಂದೇ ನೆನೆದವು. ಅವರ ತಮಿಳಿನಲ್ಲಿ ಕನ್ನಡದ ಎಳೆ ಇತ್ತು. ಕೊಂಚ ಮುದ್ದಾಗಿ, ಕೊಂಚ ಎಳೆದು ಆಡುವ ಆ ರೀತಿಯನ್ನು ತಮಿಳು ಪ್ರೇಕ್ಷಕರು ತಿದ್ದಿಸಲಿಲ್ಲ, ತಲೆಯ ಮೇಲೆ ಹೊತ್ತುಕೊಂಡರು. ಈ ಕಥೆಯನ್ನು ನಾನು ಎಷ್ಟು ಸಲ ಅಭಿಮಾನದಿಂದ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವಾಗ ಒಮ್ಮೆಯೂ, ನಮ್ಮ ಹುಡುಗಿಯ ನಾಲಿಗೆಗೆ ಅವರು ಕೊಟ್ಟ ಜಾಗವನ್ನು ನಾನು ಅವರ ಹುಡುಗಿಯರಿಗೆ ಕೊಟ್ಟೆನೇ ಎಂದು ಕೇಳಿಕೊಳ್ಳಲಿಲ್ಲ. ನಾನು ಡಬ್ಬಿಂಗ್ ಮಾಡಿದ ತಮಿಳು ಹುಡುಗಿಯೊಬ್ಬಳು, ಮುಂದಿನ ಚಿತ್ರಕ್ಕಾದರೂ ತಾನೇ ಮಾತಾಡಬೇಕೆಂದು ಕನ್ನಡ ಕಲಿಯುತ್ತಿದ್ದಾಳೆ ಎಂದು ಕೇಳಿದಾಗ ನನಗೆ ಮೊದಲು ಅನ್ನಿಸಿದ್ದು ನನ್ನ ಕೆಲಸ ಹೋಯಿತು ಅಂತ. ಎರಡನೆಯದು, ಇವಳ ಬಾಯಲ್ಲಿ ಕನ್ನಡ ಹಾಳಾಗುತ್ತದೆ ಅಂತ. ಸಂತೋಷ ಅನ್ನುವುದು ಪಟ್ಟಿಯಲ್ಲೇ ಇರಲಿಲ್ಲ.

ಇಲ್ಲಿಗೆ ಬಂದು ದುಡಿಯುವವರು ಕನ್ನಡ ಕಲಿಯಬೇಕು ಎಂಬ ಒತ್ತಾಯವನ್ನು ನಾನು ಬಿಡುವುದಿಲ್ಲ. ಈ ಊರಿನಲ್ಲಿ ಕನ್ನಡ ಆಡದೆಯೇ ಹತ್ತು ವರ್ಷ ಕಳೆಯಬಹುದೆನ್ನುವ ಸ್ಥಿತಿ ನನಗೆ ನೋವು ಕೊಡುತ್ತದೆ. ಆದರೆ ಕಲಿತು ಬಂದವಳ ಮಾತನ್ನು ತೆಗೆದು ಕಲಿಯದವಳ ಮಾತು ಹಾಕಿದವಳು ನಾನು. ಕಲಿತರೂ ನಂಬುವುದಿಲ್ಲ ಎಂದ ಮೇಲೆ ನಮ್ಮ ಬೇಡಿಕೆ ಭಾಷೆಯದಲ್ಲ, ಮುಖದ್ದು. ಅಪ್ಪ ಮೆರವಣಿಗೆಗೆ ಹೋದದ್ದು ಅದಕ್ಕಲ್ಲ.

ಫಾಮ್ ಆಮೇಲೆ ಮಾಡಿದ ಪಾತ್ರಗಳನ್ನು ಒಂದೊಂದಾಗಿ ಹುಡುಕಿ ನೋಡಿದೆ. ವಿಯೆಟ್ನಾಮಿಗೆ ಹೋಗಿ ಅಲ್ಲಿನ ನಿರ್ದೇಶಕನ 'ಚೋಯ್ ವೋಯ್' ಎಂಬ 2009ರ ಚಿತ್ರದಲ್ಲಿ ನಟಿಸಿದರು. ಅದೇ ವರ್ಷದ 'ಮಿಸ್ಟರ್ ನೋಬಡಿ'ಯಲ್ಲಿ ನಾಯಕನ ಹೆಂಡತಿಯರಲ್ಲೊಬ್ಬರಾದರು; 'ನಿಂಜಾ ಅಸಾಸಿನ್' ಎಂಬ ಹೊಡೆದಾಟದ ಹಾಲಿವುಡ್ ಚಿತ್ರದಲ್ಲೂ ಇದ್ದಾರೆ. ಕೆಲವು ಪಾತ್ರ ದೊಡ್ಡವು, ಕೆಲವು ಬಂದು ಹೋಗುವಂಥವು. 2021ರ 'ಬ್ಲೂ ಬಾಯು' ನನಗೆ ಬಹಳ ಹಿಡಿಸಿತು. ಅಮೆರಿಕದ ಲೂಸಿಯಾನಾದಲ್ಲಿ ನಡೆಯುವ ಕಥೆ. ಕೊರಿಯಾದಿಂದ ದತ್ತು ಬಂದು ಅಲ್ಲೇ ಬೆಳೆದವನನ್ನು ದೇಶ ಬಿಟ್ಟು ಕಳಿಸಲು ಹೊರಟಿದ್ದಾರೆ. ಅವನಿಗೆ ಪರಿಚಯವಾಗುವ ಕ್ಯಾನ್ಸರ್ ಪೀಡಿತ ವಿಯೆಟ್ನಾಮಿ ಹೆಂಗಸು ಪಾರ್ಕರ್, ಅದು ಫಾಮ್. ದೊಡ್ಡ ಮಾತುಗಳಿಲ್ಲ. ದಣಿದ, ಆದರೆ ಯಾರ ಕನಿಕರವನ್ನೂ ಬೇಡದ ದನಿ. 'ಆಂಡೊಶೀನ್'ನ ಹುಡುಗಿಯ ದನಿಯನ್ನು ಮತ್ತೆ ಹಾಕಿಕೊಂಡು ಇದರ ಪಕ್ಕದಲ್ಲಿಟ್ಟು ಕೇಳಿದೆ. ಸುಮಾರು ಮೂವತ್ತು ವರ್ಷದ ವಯಸ್ಸು ಒಂದೇ ಗಂಟಲಿನಲ್ಲಿ ಕೇಳಿಸಿತು. ನಾನು ದನಿ ಕೊಟ್ಟ ನಾಯಕಿಯರಿಗೆ ಈ ಭಾಗ್ಯವಿಲ್ಲ. ಒಬ್ಬಳೇ ನಟಿಗೆ ಒಂದು ಚಿತ್ರದಲ್ಲಿ ನಾನು, ಇನ್ನೊಂದರಲ್ಲಿ ಬೇರೆಯವರು. ಮೂವತ್ತು ವರ್ಷವಾದ ಮೇಲೆ ಆಕೆಯ ಮಗಳು ಅಮ್ಮನ ಹಳೆಯ ಚಿತ್ರ ಹಾಕಿದರೆ ಅಲ್ಲಿ ಕೇಳಿಸುವುದು ರಾಜಾಜಿನಗರದ ಯಾವುದೋ ಹೆಂಗಸಿನ ದನಿ.

ಇದನ್ನೆಲ್ಲ ಯೋಚಿಸಿ ನಾನು ಕಸುಬು ಬಿಟ್ಟಿಲ್ಲ. ಬಿಡುವ ಸ್ಥಿತಿಯೂ ಇಲ್ಲ, ಮನಸ್ಸೂ ಇಲ್ಲ. ತುಟಿಗೆ ಮಾತು ಕೂರಿಸುವ ವಿದ್ಯೆ ನನಗೆ ಪ್ರೀತಿಯದು. ಹೋದ ತಿಂಗಳು ಒಂದು ಚಿತ್ರದ ನಾಯಕಿಗೆ ದನಿ ಕೊಡಲು ಕರೆದರು. ಹೊರ ರಾಜ್ಯದ ಹುಡುಗಿ. ಪೈಲಟ್ ಪೂರ್ತಿ ಕೇಳಿಸಿ, ಆಮೇಲೆ ಹೇಳುತ್ತೇನೆ ಅಂದೆ. ಕೇಳಿದೆ. ಕನ್ನಡ ಒರಟಾಗಿತ್ತು, ಆದರೆ ಜಗಳದ ದೃಶ್ಯವೊಂದರಲ್ಲಿ ಅವಳು ನಡುವೆ ನಿಲ್ಲಿಸಿ ಉಗುಳು ನುಂಗಿ ಮತ್ತೆ ಶುರುಮಾಡಿದ ರೀತಿ ನನಗೆ ಬರುವಂಥದ್ದಲ್ಲ. ಆ ಮಾತು ಅವಳದ್ದೇ ಇರಲಿ, ಬೇಕಿದ್ದರೆ ನಾನು ಕೂತು ಉಚ್ಚಾರ ಹೇಳಿಕೊಡುತ್ತೇನೆ ಅಂದೆ. ನಿರ್ಮಾಪಕರು, "ಟೈಮ್ ಇಲ್ಲ ಮೇಡಂ, ಅವರ ಡೇಟ್ ಸಿಗಲ್ಲ, ನೀವೇ ಮುಗಿಸಿಕೊಡಿ" ಅಂದರು. ಅವರ ಕಷ್ಟವೂ ನಿಜ. ಹುಡುಗಿಯ ನಂಬರ್ ಇಸ್ಕೊಂಡು ನಾನೇ ಫೋನ್ ಮಾಡಿದೆ. ಶನಿವಾರ ಮಧ್ಯಾಹ್ನ ಎರಡು ಗಂಟೆ ಬಿಡುವು ಮಾಡಿಕೊಂಡು ಬರುತ್ತೇನೆ ಎಂದಿದ್ದಾಳೆ, ಆ ಒಂದು ದೃಶ್ಯಕ್ಕೆ. ಮಿಕ್ಕದ್ದೆಲ್ಲ ನನ್ನ ದನಿಯಲ್ಲೇ ಹೋಗುತ್ತದೆ. ಎರಡು ದನಿ ಒಂದೇ ಚಿತ್ರದಲ್ಲಿ ಹೊಂದುತ್ತವೋ ಇಲ್ಲವೋ ಎಂದು ಇಂಜಿನಿಯರ್‌ಗೆ ಅನುಮಾನ. ನನಗೂ ಇದೆ.